ದೂರದ ಕರೆಗೆ ಬಾಗಿಲ ಸುಂಕ: ದೂರವಾಣಿ ಕಂಪನಿಗಳ ಅಂತರ ಸಂಪರ್ಕ ಶುಲ್ಕದ ಒಳಲೆಕ್ಕ

ವ್ಯಾಪಾರಸ್ಥರ ಲೆಕ್ಕದ ಪುಸ್ತಕದಲ್ಲಿ ದೂರವಾಣಿ ವೆಚ್ಚಕ್ಕೆ ಒಂದು ಕಾಲದಲ್ಲಿ ಇದ್ದ ತೂಕ ಇಂದು ಉಳಿದಿಲ್ಲ. ಎಸ್.ಟಿ.ಡಿ. ಸೌಲಭ್ಯವುಳ್ಳ ಟೆಲಿಫೋನಿಗೆ ಬೀಗ ಹಾಕಿ ಬೀಗದ ಕೈಯನ್ನು ಮಾಲೀಕರೇ ಇಟ್ಟುಕೊಳ್ಳುತ್ತಿದ್ದ ಅಂಗಡಿಗಳನ್ನೂ, ರಿಯಾಯಿತಿ ದರದ ರಾತ್ರಿ ವೇಳೆಗಾಗಿ ಕಾದಿದ್ದು ಮುಂಬಯಿಯ ದಲ್ಲಾಳಿಯೊಡನೆ ಮಾತನಾಡುತ್ತಿದ್ದ ದಿನಗಳನ್ನೂ ನಮ್ಮ ಹಿರಿಯ ಸದಸ್ಯರು ಮರೆತಿರಲಾರರು. ಇಂದು ಬೆಂಗಳೂರಿನಿಂದ ದೆಹಲಿಗೆ ಮಾತನಾಡಿದರೂ ಪಕ್ಕದ ಬೀದಿಗೆ ಮಾತನಾಡಿದರೂ ಬಿಲ್ಲಿನಲ್ಲಿ ವ್ಯತ್ಯಾಸ ಕಾಣುವುದಿಲ್ಲ. ಇದು ಕೇವಲ ತಂತ್ರಜ್ಞಾನದ ಫಲವೆಂದು ಹೇಳುವುದು ವಾಡಿಕೆ. ಆದರೆ ಅದು ಪೂರ್ಣ ಉತ್ತರವಲ್ಲ. ಒಂದು ಕಂಪನಿಯ ಜಾಲದೊಳಕ್ಕೆ ಮತ್ತೊಂದು ಕಂಪನಿಯ ಕರೆಯನ್ನು ಬಿಟ್ಟುಕೊಳ್ಳಲು ಎಷ್ಟು ಹಣ ತೆಗೆದುಕೊಳ್ಳಬೇಕು, ಅದನ್ನು ಯಾರು ಕೊಡಬೇಕು ಎಂಬ ಬಗ್ಗೆ ನಿಯಂತ್ರಣ ಪ್ರಾಧಿಕಾರವು ಇಪ್ಪತ್ತು ವರ್ಷಗಳ ಕಾಲ ಹೊರಡಿಸಿದ ಆದೇಶಗಳೂ ಇದಕ್ಕೆ ಅಷ್ಟೇ ಕಾರಣ. ಗ್ರಾಹಕರ ಬಿಲ್ಲಿನಲ್ಲಿ ಎಂದೂ ಪ್ರತ್ಯೇಕವಾಗಿ ಕಾಣಿಸಿಕೊಳ್ಳದ ಈ ಶುಲ್ಕದ ಸ್ವರೂಪವನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಕರೆಯ ಮೂರು ಭಾಗಗಳು

ಸರಕು ಸಾಗಣೆಯನ್ನು ಬಲ್ಲ ಓದುಗರಿಗೆ ದೂರವಾಣಿ ಕರೆಯ ಲೆಕ್ಕ ಕಷ್ಟವಾಗಬಾರದು. ದಾವಣಗೆರೆಯ ಗೋದಾಮಿನಿಂದ ದೆಹಲಿಯ ಅಂಗಡಿಗೆ ಮಾಲು ಹೋಗಬೇಕಾದರೆ ಗೋದಾಮಿನಿಂದ ಟ್ರಾನ್ಸ್‌ಪೋರ್ಟ್ ಕಚೇರಿಯವರೆಗೆ ಒಂದು ಬಾಡಿಗೆ, ಅಲ್ಲಿಂದ ದೆಹಲಿಯವರೆಗೆ ಲಾರಿ ಬಾಡಿಗೆ, ದೆಹಲಿಯಲ್ಲಿ ಇಳಿಸಿ ಅಂಗಡಿಗೆ ಮುಟ್ಟಿಸಲು ಇನ್ನೊಂದು ಬಾಡಿಗೆ. ಕರೆಯೂ ಹೀಗೆಯೇ. ಕರೆ ಮಾಡುವವರ ಊರಿನ ಜಾಲದಲ್ಲಿ ಅದು ಹುಟ್ಟುತ್ತದೆ. ದೂರದ ಜಾಲವೊಂದು ಅದನ್ನು ಸಾಗಿಸುತ್ತದೆ. ಕರೆ ಸ್ವೀಕರಿಸುವವರ ಜಾಲದಲ್ಲಿ ಅದು ಮುಗಿಯುತ್ತದೆ. ಈ ಮೂರಕ್ಕೆ ಕ್ರಮವಾಗಿ ಆರಂಭ ಶುಲ್ಕ, ಸಾಗಣೆ ಶುಲ್ಕ, ಮುಕ್ತಾಯ ಶುಲ್ಕ ಎಂದು ಹೆಸರು. ಒಟ್ಟಾಗಿ ಇವನ್ನು ಅಂತರ ಸಂಪರ್ಕ ಬಳಕೆ ಶುಲ್ಕ ಎನ್ನುತ್ತಾರೆ. ಪತ್ರಿಕೆಗಳಲ್ಲಿ ಐ.ಯು.ಸಿ. ಎಂದು ಓದಿದ್ದು ಇದೇ.

ಆದರೆ ಹೋಲಿಕೆ ಒಂದು ಕಡೆ ತಪ್ಪುತ್ತದೆ, ಮತ್ತು ಇಡೀ ವಿಷಯದ ಜೀವಾಳ ಇರುವುದು ಅಲ್ಲಿಯೇ. ಲಾರಿಯವರು ಹತ್ತು ಜನರಿರುವಂತೆ ಊರೊಳಗಿನ ಗಾಡಿಯವರೂ ಹತ್ತು ಜನರಿರುತ್ತಾರೆ. ದೂರವಾಣಿಯಲ್ಲಿ ಹಾಗಲ್ಲ. ದೆಹಲಿಯ ಒಬ್ಬ ಗ್ರಾಹಕರ ಟೆಲಿಫೋನು ಯಾವ ಕಂಪನಿಗೆ ಸೇರಿದೆಯೋ ಅವರನ್ನು ಮುಟ್ಟಲು ಆ ಕಂಪನಿಯ ಬಾಗಿಲೊಂದೇ ದಾರಿ. ದೂರ ಸಾಗಣೆಯಲ್ಲಿ ಎಷ್ಟೇ ಪೈಪೋಟಿ ಇರಲಿ, ಕೊನೆಯ ಮೈಲಿಯ ಬಾಗಿಲಲ್ಲಿ ನಿಂತವನು ಏಕಸ್ವಾಮಿಯೇ. ಎ.ಪಿ.ಎಂ.ಸಿ. ಯಾರ್ಡಿಗೆ ಒಂದೇ ಗೇಟು ಇದ್ದು, ಆ ಗೇಟು ಪಕ್ಕದ ಮಳಿಗೆಯ ಪ್ರತಿಸ್ಪರ್ಧಿ ವ್ಯಾಪಾರಿಯ ಸ್ವತ್ತಾಗಿದ್ದರೆ ಗೇಟಿನ ಸುಂಕ ಎಷ್ಟಾದೀತೆಂದು ಯಾರಾದರೂ ಊಹಿಸಬಹುದು. ಆದ್ದರಿಂದಲೇ ಈ ಶುಲ್ಕವನ್ನು ಪೇಟೆಗೆ ಬಿಟ್ಟುಕೊಡದೆ ಸರ್ಕಾರಗಳು ನಿಯಂತ್ರಿಸುತ್ತ ಬಂದಿವೆ.

ಬಾಗಿಲು ಎಲ್ಲಿದೆ?

ನಮ್ಮ ದೇಶದಲ್ಲಿ ಸ್ಥಿರ ದೂರವಾಣಿ ಜಾಲವನ್ನು 322 ದೂರ ಕರೆ ಪ್ರದೇಶಗಳಾಗಿಯೂ, ಅವುಗಳೊಳಗೆ ಸುಮಾರು 2,600 ಕಿರು ದೂರ ಕರೆ ಪ್ರದೇಶಗಳಾಗಿಯೂ ವಿಂಗಡಿಸಲಾಯಿತು. ಮೊದಲನೆಯದು ಹೆಚ್ಚುಕಡಿಮೆ ಜಿಲ್ಲೆ, ಎರಡನೆಯದು ಹೆಚ್ಚುಕಡಿಮೆ ತಾಲ್ಲೂಕು. ಪ್ರತಿಯೊಂದಕ್ಕೂ ಒಂದು ಎಸ್.ಟಿ.ಡಿ. ಸಂಕೇತ. ದೂರ ಸಾಗಣೆಯ ಕಂಪನಿ ತನ್ನ ತಂತಿಯನ್ನು ಇಂಥ ಕೇಂದ್ರದ ಟ್ರಂಕ್ ಎಕ್ಸ್‌ಚೇಂಜಿನವರೆಗೆ ತಂದು, ಸ್ಥಳೀಯ ಕಂಪನಿಯ ಯಂತ್ರಕ್ಕೆ ಜೋಡಿಸುತ್ತದೆ. ಆ ಜೋಡಣೆಯ ಸ್ಥಳವೇ ಅಂತರ ಸಂಪರ್ಕ ಬಿಂದು. ಬಹುಕಾಲ ಇದರ ಅಳತೆಯ ಘಟಕ ಸೆಕೆಂಡಿಗೆ 2 ಮೆಗಾಬಿಟ್‌ನ ಒಂದು ಕೊಂಡಿ. ಅದರಲ್ಲಿ ಏಕಕಾಲಕ್ಕೆ 30 ಮಾತುಕತೆಗಳು ಸಾಗುತ್ತವೆ. ನಮ್ಮ ಕಾರ್ಖಾನೆಗಳಲ್ಲಿ ಪಿ.ಆರ್.ಐ. ಲೈನ್ ಎಂಬ ಹೆಸರಿನಲ್ಲಿ ಪಡೆಯುವ 30 ಚಾನೆಲ್ಲುಗಳ ಸಂಪರ್ಕವೂ ಇದೇ ಗಾತ್ರದ ಕೊಂಡಿ. ಈಗ ಇಂಟರ್ನೆಟ್ ಮಾದರಿಯ ಜೋಡಣೆ ಹೆಚ್ಚುತ್ತಿದ್ದರೂ ತತ್ವ ಬದಲಾಗಿಲ್ಲ.

ಈ ಕೊಂಡಿಯನ್ನು ಸಿಕ್ಕಿಸುವ ಕಿಂಡಿಗೆ ಪೋರ್ಟ್ ಎಂದು ಹೆಸರು. ಪೋರ್ಟಿಗೆ ವಾರ್ಷಿಕ ಬಾಡಿಗೆ ಉಂಟು. ಆದ್ದರಿಂದ ಬಾಗಿಲ ಸುಂಕ ಎರಡು ಬಗೆಯದು: ಬಾಗಿಲು ಇಟ್ಟುಕೊಟ್ಟದ್ದಕ್ಕೆ ವರ್ಷಕ್ಕಿಷ್ಟು ಎಂಬ ಸ್ಥಿರ ಬಾಡಿಗೆ, ಬಾಗಿಲಲ್ಲಿ ಹಾದುಹೋದ ಪ್ರತಿ ನಿಮಿಷಕ್ಕೆ ಇಷ್ಟು ಎಂಬ ಬಳಕೆ ಶುಲ್ಕ. ಪತ್ರಿಕೆಗಳಲ್ಲಿ ಚರ್ಚೆಯಾಗುವುದು ಎರಡನೆಯದು. ಜಗಳ ಕಾದಿರುವುದು ಬಹುಮಟ್ಟಿಗೆ ಮೊದಲನೆಯದರಲ್ಲಿ. ಏಕೆಂದರೆ ದರವನ್ನು ಪ್ರಾಧಿಕಾರ ನಿಗದಿ ಮಾಡಿದ ಮೇಲೂ ಪೋರ್ಟ್ ಕೊಡುವುದನ್ನು ತಡಮಾಡಿದರೆ ಪ್ರತಿಸ್ಪರ್ಧಿಯ ಗ್ರಾಹಕರಿಗೆ ಸಿಗುವುದು 'ಈ ಮಾರ್ಗದ ಎಲ್ಲ ಲೈನುಗಳು ಕಾರ್ಯನಿರತವಾಗಿವೆ' ಎಂಬ ಧ್ವನಿ ಮಾತ್ರ.

2016ರಲ್ಲಿ ನಡೆದದ್ದು ಇದಕ್ಕೆ ಉತ್ತಮ ನಿದರ್ಶನ. ಆ ವರ್ಷದ ಸೆಪ್ಟೆಂಬರಿನಲ್ಲಿ ರಿಲಯನ್ಸ್ ಜಿಯೋ ಸೇವೆ ಆರಂಭಿಸಿದಾಗ, ತನಗೆ ಸಾಕಷ್ಟು ಅಂತರ ಸಂಪರ್ಕ ಬಿಂದುಗಳನ್ನು ಹಳೆಯ ಕಂಪನಿಗಳು ಕೊಡುತ್ತಿಲ್ಲವೆಂದು ಅದು ದೂರಿತು. ಹಳೆಯ ಕಂಪನಿಗಳು ಆರೋಪವನ್ನು ಅಲ್ಲಗಳೆದವು. ಉಚಿತ ಕರೆಗಳ ಪ್ರವಾಹವನ್ನು ನಮ್ಮ ಮೇಲೆ ಹರಿಸಿದರೆ ನಾವೇನು ಮಾಡಬೇಕೆಂದು ಕೇಳಿದವು. ಸಾವಿರ ಕರೆಗಳಲ್ಲಿ ಬಿಂದುವಿನ ಬಳಿ ವಿಫಲವಾಗುವವು 5ನ್ನು ಮೀರಬಾರದೆಂಬುದು ನಿಯಮ. ಅದು ಭಾರಿ ಪ್ರಮಾಣದಲ್ಲಿ ಉಲ್ಲಂಘನೆಯಾಗಿದೆಯೆಂದು ಕಂಡುಕೊಂಡ ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, ಅಕ್ಟೋಬರಿನಲ್ಲಿ ಮೂರು ಕಂಪನಿಗಳಿಗೆ ಒಟ್ಟು 3,050 ಕೋಟಿ ರೂಪಾಯಿ ದಂಡ ವಿಧಿಸಲು ಶಿಫಾರಸು ಮಾಡಿತು. ದಂಡದ ನೋಟಿಸು ಹೊರಟದ್ದು 2021ರಲ್ಲಿ. ಐದು ವರ್ಷಗಳ ನಂತರ ಬರುವ ದಂಡದ ನೋಟಿಸು ಹೊಸ ಕಂಪನಿಗೆ ಏನು ಪ್ರಯೋಜನವೆಂಬುದು ಬೇರೆ ಪ್ರಶ್ನೆ. ಜಿಯೋದಂತಹ ಬಂಡವಾಳವಿಲ್ಲದ ಕಂಪನಿಯಾಗಿದ್ದರೆ ಅಷ್ಟರಲ್ಲಿ ಬಾಗಿಲು ಮುಚ್ಚಿರುತ್ತಿತ್ತು. ಈ ಅನುಭವದ ನಂತರ, ಕೋರಿಕೆ ಬಂದ 30 ದಿನಗಳೊಳಗೆ ತಾರತಮ್ಯವಿಲ್ಲದೆ ಒಪ್ಪಂದ ಮಾಡಿಕೊಳ್ಳಬೇಕೆಂಬ ನಿಯಮಾವಳಿಯನ್ನು ಟ್ರಾಯ್ 2018ರಲ್ಲಿ ಜಾರಿಗೆ ತಂದಿತು.

ಅಮೆರಿಕದ ದಾರಿ

ಈ ಶುಲ್ಕದ ಶಾಸ್ತ್ರವೆಲ್ಲ ರೂಪುಗೊಂಡದ್ದು ಅಮೆರಿಕದಲ್ಲಿ. ಅಲ್ಲಿ ಸ್ಥಳೀಯ ಹಾಗೂ ದೂರದ ಸೇವೆಗಳೆರಡನ್ನೂ ಬಹುಪಾಲು ಎ.ಟಿ. ಅಂಡ್ ಟಿ. ಎಂಬ ಒಂದೇ ಸಂಸ್ಥೆ ನಡೆಸುತ್ತಿತ್ತು. ದೂರದ ಕರೆಗಳ ಲಾಭದಿಂದ ಮನೆಯ ಟೆಲಿಫೋನಿನ ಬಾಡಿಗೆಯನ್ನು ಕಡಿಮೆ ಇಡಲಾಗುತ್ತಿತ್ತು. ಒಂದೇ ಮನೆಯೊಳಗಿನ ಲೆಕ್ಕವಾದ್ದರಿಂದ ಯಾರೂ ಕೇಳುವಂತಿರಲಿಲ್ಲ. 1984ರ ಜನವರಿ 1ರಂದು ನ್ಯಾಯಾಲಯದ ಒಪ್ಪಂದದಂತೆ ಸಂಸ್ಥೆ ಒಡೆಯಿತು. ಸ್ಥಳೀಯ ಸೇವೆ ಏಳು ಪ್ರಾದೇಶಿಕ ಕಂಪನಿಗಳ ಪಾಲಾಯಿತು, ಎ.ಟಿ. ಅಂಡ್ ಟಿ. ದೂರ ಸಾಗಣೆಯಲ್ಲಿ ಎಂ.ಸಿ.ಐ., ಸ್ಪ್ರಿಂಟ್ ಮೊದಲಾದವರೊಡನೆ ಪೈಪೋಟಿಗಿಳಿಯಿತು.

ಮನೆ ಪಾಲಾದಾಗ ಒಳಲೆಕ್ಕ ಹೊರಬಿತ್ತು. ಸ್ಥಳೀಯ ಕಂಪನಿಗೆ ಹಿಂದೆ ಸಿಗುತ್ತಿದ್ದ ಒಳಸಹಾಯವನ್ನು ಈಗ 'ಪ್ರವೇಶ ಶುಲ್ಕ' ಎಂಬ ಹೆಸರಿನಲ್ಲಿ ದೂರ ಸಾಗಣೆಯ ಕಂಪನಿಗಳಿಂದ ವಸೂಲು ಮಾಡಲಾಯಿತು. ಒಂದು ನಿಮಿಷದ ಅಂತರ ರಾಜ್ಯ ಕರೆಗೆ ಎರಡೂ ತುದಿಗಳ ಪ್ರವೇಶ ಶುಲ್ಕ 1984ರಲ್ಲಿ ಸುಮಾರು 17 ಸೆಂಟು. ಅಂದರೆ ಕರೆಯ ಬೆಲೆಯ ದೊಡ್ಡ ಪಾಲು ಸಾಗಣೆಯದಲ್ಲ, ಎರಡು ತುದಿಗಳ ಬಾಗಿಲುಗಳದು. ಅಲ್ಲಿನ ನಿಯಂತ್ರಣ ಆಯೋಗ ಇದನ್ನು ಇಳಿಸಲು ಹಿಡಿದ ಮಾರ್ಗ ಗಮನಾರ್ಹ: ನಿಮಿಷದ ಶುಲ್ಕ ಇಳಿಸುವುದು, ಆ ಖೋತಾವನ್ನು ಪ್ರತಿ ಟೆಲಿಫೋನಿನ ಮೇಲೆ ತಿಂಗಳ ಸ್ಥಿರ ಶುಲ್ಕವಾಗಿ ಹಾಕುವುದು. ಮನೆಯ ಟೆಲಿಫೋನಿಗೆ 1985ರಲ್ಲಿ ತಿಂಗಳಿಗೆ 1 ಡಾಲರಿನಿಂದ ಆರಂಭವಾದ ಈ ಶುಲ್ಕ 1989ರಲ್ಲಿ ಮೂರೂವರೆ ಡಾಲರಿಗೆ ಏರಿತು. 2000ದ ಸುಧಾರಣೆಯ ನಂತರ ಕೆಲವೇ ವರ್ಷಗಳಲ್ಲಿ ಎರಡೂ ತುದಿಗಳ ನಿಮಿಷದ ಶುಲ್ಕ 2 ಸೆಂಟಿಗಿಂತ ಕೆಳಗಿಳಿಯಿತು.

ಆದರೂ ಗ್ರಾಮೀಣ ಪ್ರದೇಶದ ಚಿಕ್ಕ ಕಂಪನಿಗಳಿಗೆ ಹೆಚ್ಚಿನ ದರ ಉಳಿಯಿತು. ಅದನ್ನು ಕೆಲವರು ಹೇಗೆ ಬಳಸಿಕೊಂಡರೆಂಬುದು ವ್ಯಾಪಾರಿ ಬುದ್ಧಿಗೆ ರುಚಿಸುವ ಸಂಗತಿ. ಅಯೋವಾ ರಾಜ್ಯದ ಕೆಲವು ಹಳ್ಳಿ ಕಂಪನಿಗಳು ಉಚಿತ ಗುಂಪು ಸಂಭಾಷಣೆಯ ಸೇವೆ ನಡೆಸುವವರನ್ನು ತಮ್ಮ ಎಕ್ಸ್‌ಚೇಂಜಿಗೆ ಕರೆತಂದವು. ದೇಶದ ಮೂಲೆಮೂಲೆಗಳಿಂದ ಜನ ಆ ಸಂಖ್ಯೆಗಳಿಗೆ ಕರೆ ಮಾಡಿದರು. ಪ್ರತಿ ನಿಮಿಷಕ್ಕೂ ದೂರ ಸಾಗಣೆಯ ಕಂಪನಿ ಹಳ್ಳಿ ಕಂಪನಿಗೆ ಸುಂಕ ಕಟ್ಟಿತು. ಆ ಸುಂಕವನ್ನು ಹಳ್ಳಿ ಕಂಪನಿಯೂ ಉಚಿತ ಸೇವೆಯವರೂ ಹಂಚಿಕೊಂಡರು. 2011ರಲ್ಲಿ ಆಯೋಗ ಇದಕ್ಕೆ ಕಡಿವಾಣ ಹಾಕಿದ್ದಲ್ಲದೆ, ಮುಕ್ತಾಯ ಶುಲ್ಕವನ್ನು ಹಂತಹಂತವಾಗಿ ಶೂನ್ಯಕ್ಕೆ ತರುವ ಆದೇಶವನ್ನೂ ಹೊರಡಿಸಿತು.

ನಮ್ಮಲ್ಲಿ ಹಣ ಹರಿದ ದಿಕ್ಕು

ಭಾರತದಲ್ಲಿ ದೇಶದೊಳಗಿನ ದೂರ ಸಾಗಣೆ ಖಾಸಗಿಯವರಿಗೆ ತೆರೆದದ್ದು 2000ದ ಆಗಸ್ಟಿನಲ್ಲಿ. ಅದೇ ವರ್ಷದ ಅಕ್ಟೋಬರ್ 1ರಂದು ಸರ್ಕಾರಿ ಇಲಾಖೆಯ ಸೇವೆಗಳು ಬಿ.ಎಸ್.ಎನ್.ಎಲ್. ಎಂಬ ಕಂಪನಿಯಾದವು. ದೂರ ಸಾಗಣೆಯ ಲೈಸೆನ್ಸಿಗೆ 100 ಕೋಟಿ ರೂಪಾಯಿ ಪ್ರವೇಶಧನವಿತ್ತು. 2006ರ ಜನವರಿಯಿಂದ ಅದನ್ನು ಎರಡೂವರೆ ಕೋಟಿಗೆ ಇಳಿಸಲಾಯಿತು.

ಅಮೆರಿಕಕ್ಕೂ ನಮಗೂ ಒಂದು ಮೂಲಭೂತ ವ್ಯತ್ಯಾಸವಿದೆ. ಅಲ್ಲಿ ಪ್ರತಿ ಗ್ರಾಹಕ ತನ್ನ ದೂರ ಸಾಗಣೆಯ ಕಂಪನಿಯನ್ನು ತಾನೇ ಆರಿಸಿಕೊಂಡ. ದೂರದ ಕರೆಯ ಮಟ್ಟಿಗೆ ಗ್ರಾಹಕ ಆ ಕಂಪನಿಗೆ ಸೇರಿದವನು. ಆದ್ದರಿಂದ ಆ ಕಂಪನಿಯೇ ಎರಡೂ ತುದಿಗಳಿಗೆ ಸುಂಕ ಕಟ್ಟಬೇಕು. ನಮ್ಮಲ್ಲಿ ಹೀಗೆ ಆರಿಸಿಕೊಳ್ಳುವ ವ್ಯವಸ್ಥೆ ತರಲು ಟ್ರಾಯ್ 2002ರಲ್ಲಿ ನಿರ್ದೇಶನ ನೀಡಿತ್ತಾದರೂ ಅದು ಬಳಕೆಗೆ ಬರಲಿಲ್ಲ. ಗ್ರಾಹಕ ಸ್ಥಳೀಯ ಕಂಪನಿಯ ಕೈಯಲ್ಲೇ ಉಳಿದ. ಸ್ಥಳೀಯ ಕಂಪನಿ ಗ್ರಾಹಕನಿಂದ ಪೂರ್ತಿ ಹಣ ವಸೂಲು ಮಾಡಿ, ಸಾಗಣೆಯವರಿಗೆ ಸಾಗಣೆ ಶುಲ್ಕ, ಆಚೆಯ ತುದಿಯವರಿಗೆ ಮುಕ್ತಾಯ ಶುಲ್ಕ ಕೊಟ್ಟು, ಉಳಿದದ್ದನ್ನು ತಾನು ಇಟ್ಟುಕೊಂಡಿತು. ಆದ್ದರಿಂದ ಆರಂಭ ಶುಲ್ಕವನ್ನು ಪ್ರಾಧಿಕಾರ ನಿಗದಿ ಮಾಡುವ ಅಗತ್ಯವೇ ಬೀಳಲಿಲ್ಲ. ಲಾರಿ ಮಾಲೀಕ ಗಿರಾಕಿಯ ಮುಖ ನೋಡದೆ ಬುಕಿಂಗ್ ಏಜೆಂಟನು ಕೊಟ್ಟ ಬಾಡಿಗೆಗೆ ಗಾಡಿ ಓಡಿಸಿದಂತೆ ಇದು. ಮುಂದೆ ದೂರ ಸಾಗಣೆ ಒಂದು ಪ್ರತ್ಯೇಕ ವ್ಯಾಪಾರವಾಗಿ ನಮ್ಮಲ್ಲಿ ಬೆಳೆಯದೆ ದೊಡ್ಡ ಮೊಬೈಲ್ ಕಂಪನಿಗಳ ಒಂದು ವಿಭಾಗವಾಗಿ ಉಳಿಯಲು ಇದೂ ಮುಖ್ಯ ಕಾರಣವೆಂದು ನನ್ನ ಅಭಿಪ್ರಾಯ.

2003ರಲ್ಲಿ ವ್ಯವಸ್ಥೆ ಒಂದು ರೂಪಕ್ಕೆ ಬಂತು. ಆ ವರ್ಷದ ಮೇ 1ರಿಂದ ಕರೆ ಮಾಡಿದವನೇ ಹಣ ಕೊಡುವ ಪದ್ಧತಿ ಮೊಬೈಲಿಗೂ ಅನ್ವಯವಾಗಿ ಒಳಬರುವ ಕರೆ ಉಚಿತವಾಯಿತು. ಮೊಬೈಲ್ ಹಿಡಿದವರು ಸಂಖ್ಯೆ ನೋಡಿ ಕರೆ ಕತ್ತರಿಸುತ್ತಿದ್ದ ಕಾಲ ಅಂದಿಗೆ ಮುಗಿಯಿತು. ಅಕ್ಟೋಬರಿನ ನಿಯಮಾವಳಿ 2004ರ ಫೆಬ್ರವರಿ 1ರಿಂದ ಜಾರಿಯಾದಾಗ ಮುಕ್ತಾಯ ಶುಲ್ಕ ಎಲ್ಲೆಡೆ ನಿಮಿಷಕ್ಕೆ 30 ಪೈಸೆಯೆಂದು ನಿಗದಿಯಾಯಿತು. ಸಾಗಣೆ ಶುಲ್ಕ ದೂರಕ್ಕೆ ತಕ್ಕಂತೆ 20 ಪೈಸೆಯಿಂದ 1 ರೂಪಾಯಿ 10 ಪೈಸೆ.

ಇವೆರಡರ ಮೇಲೆ ಮೂರನೆಯದೊಂದು ಬಂದು ಕೂತಿತು: ಪ್ರವೇಶ ಕೊರತೆ ಶುಲ್ಕ. ಹಳ್ಳಿಗಳ ಸ್ಥಿರ ದೂರವಾಣಿಯಿಂದ ಬರುವ ಬಾಡಿಗೆ ಅದರ ವೆಚ್ಚಕ್ಕಿಂತ ಬಹಳ ಕಡಿಮೆ, ಮೊದಲು ಎಸ್.ಟಿ.ಡಿ. ಲಾಭದಿಂದ ತುಂಬುತ್ತಿದ್ದ ಆ ಕೊರತೆಯನ್ನು ಪೈಪೋಟಿಯ ಕಾಲದಲ್ಲಿ ತುಂಬುವವರು ಯಾರು? ಇತರ ಕಂಪನಿಗಳ ಕರೆಗಳ ಮೇಲೆ ಒಂದು ತೆರಿಗೆಯಂತೆ ಇದನ್ನು ಹಾಕಿ, ಅದರ ಸಿಂಹಪಾಲನ್ನು ಬಿ.ಎಸ್.ಎನ್.ಎಲ್.ಗೆ ವರ್ಗಾಯಿಸಲಾಯಿತು. ವರ್ಷಕ್ಕೆ 5,300 ಕೋಟಿ ರೂಪಾಯಿಗೂ ಮಿಕ್ಕಿದ ಮೊತ್ತ ಇದರ ಗುರಿಯಾಗಿತ್ತು. ದೇಶದೊಳಗಿನ ದೂರದ ಕರೆಗೆ ಗರಿಷ್ಠ 80 ಪೈಸೆ. ವಿದೇಶದಿಂದ ಒಳಬರುವ ಕರೆಗೆ ನಿಮಿಷಕ್ಕೆ 4 ರೂಪಾಯಿ 25 ಪೈಸೆ.

ಈಗ ಲೆಕ್ಕ ಹಾಕೋಣ. 2004ರಲ್ಲಿ 500 ಕಿಲೋಮೀಟರಿಗೂ ದೂರದ ಒಂದು ನಿಮಿಷದ ಕರೆಗೆ ಗರಿಷ್ಠ ದರದಲ್ಲಿ ಸಾಗಣೆ 1.10, ಮುಕ್ತಾಯ 0.30, ಪ್ರವೇಶ ಕೊರತೆ 0.80. ಒಟ್ಟು 2 ರೂಪಾಯಿ 20 ಪೈಸೆ. ಗ್ರಾಹಕನನ್ನು ಹಿಡಿದಿರುವ ಕಂಪನಿ ತನ್ನ ವೆಚ್ಚ, ಲಾಭಗಳನ್ನು ಲೆಕ್ಕಕ್ಕೆ ಹಿಡಿಯುವ ಮುನ್ನವೇ ಕೈಬಿಟ್ಟು ಹೋಗುವ ಹಣ ಇದು. 2006ರ ಮಾರ್ಚ್ 1ರಿಂದ ಎರಡು ಬದಲಾವಣೆಗಳಾದವು. ದೂರ ಎಷ್ಟೇ ಇರಲಿ ಸಾಗಣೆ ಶುಲ್ಕ 65 ಪೈಸೆ ಮೀರಬಾರದೆಂದಾಯಿತು. ಪ್ರವೇಶ ಕೊರತೆ ಶುಲ್ಕವನ್ನು ದೇಶದೊಳಗಿನ ಕರೆಗಳ ನಿಮಿಷದ ಮೇಲಿನಿಂದ ತೆಗೆದು ಕಂಪನಿಗಳ ಹೊಂದಾಣಿಕೆಯಾದ ಒಟ್ಟು ಆದಾಯದ ಮೇಲೆ ಶೇಕಡಾ 1.5ರಂತೆ ಹಾಕಲಾಯಿತು. ಹಾಗಾದರೆ 65 ಪೈಸೆ ಮತ್ತು 30 ಪೈಸೆ ಕೂಡಿದರೆ 95 ಪೈಸೆ. ಅದೇ ದಿನ ಬಿ.ಎಸ್.ಎನ್.ಎಲ್. ಮತ್ತು ಎಂ.ಟಿ.ಎನ್.ಎಲ್. ದೇಶದ ಯಾವುದೇ ಮೂಲೆಗೆ ನಿಮಿಷಕ್ಕೆ ಒಂದು ರೂಪಾಯಿಯ 'ಒನ್ ಇಂಡಿಯಾ' ಯೋಜನೆಯನ್ನು ಆರಂಭಿಸಿದವು. ಅಂದು ಇದನ್ನು ಸರ್ಕಾರದ ಕೊಡುಗೆಯೆಂದು ಬಣ್ಣಿಸಲಾಯಿತು. ಮೇಲಿನ ಕೂಡಿಕೆಯನ್ನು ನೋಡಿದವರಿಗೆ ಆ ಒಂದು ರೂಪಾಯಿ ಎಲ್ಲಿಂದ ಬಂತೆಂದು ಹೇಳಬೇಕಾಗಿಲ್ಲ.

ಪ್ರವೇಶ ಕೊರತೆ ಶುಲ್ಕ ಮತ್ತೊಂದು ಪಾಠವನ್ನೂ ಕಲಿಸಿತು. ಸುಂಕ ಅತಿಯಾದರೆ ಕಳ್ಳದಾರಿ ಹುಟ್ಟುತ್ತದೆ ಎಂಬುದು ಅಬಕಾರಿ, ಆಕ್ಟ್ರಾಯ್ ಕಂಡ ನಮಗೆ ಹೊಸದಲ್ಲ. ವಿದೇಶದ ಕರೆಗೆ 4 ರೂಪಾಯಿ 25 ಪೈಸೆ, ಸ್ಥಳೀಯ ಕರೆಗೆ ಅದರ ಚೂರು ಪಾಲು. ಆದ್ದರಿಂದ ವಿದೇಶದ ಕರೆಯನ್ನು ಇಂಟರ್ನೆಟ್ ಮೂಲಕ ತಂದು ಸ್ಥಳೀಯ ಕರೆಯ ವೇಷ ತೊಡಿಸಿ ಬಿಡುವ ಅಕ್ರಮ ಎಕ್ಸ್‌ಚೇಂಜುಗಳು ನಗರಗಳಲ್ಲಿ ತಲೆಯೆತ್ತಿದವು. ದೊಡ್ಡ ಕಂಪನಿಯೊಂದಕ್ಕೇ ಇಂಥ ಆರೋಪದ ಮೇಲೆ ದೂರಸಂಪರ್ಕ ಇಲಾಖೆ 150 ಕೋಟಿ ರೂಪಾಯಿ ದಂಡ ವಿಧಿಸಿತ್ತು. ಶುಲ್ಕ ಹಂತಹಂತವಾಗಿ ಇಳಿದು 2008ರ ಸೆಪ್ಟೆಂಬರ್ ಅಂತ್ಯಕ್ಕೆ ಪೂರ್ಣವಾಗಿ ರದ್ದಾಯಿತು. ಗ್ರಾಮೀಣ ಸೇವೆಯ ಹೊರೆ ಕಂಪನಿಗಳ ಆದಾಯದ ಶೇಕಡಾ 5ರಷ್ಟನ್ನು ಸಂಗ್ರಹಿಸುವ ಸಾರ್ವತ್ರಿಕ ಸೇವಾ ನಿಧಿಯ ಪಾಲಿಗೆ ಬಂತು. ಆ ನಿಧಿಯೇ ಈಗ ಡಿಜಿಟಲ್ ಭಾರತ್ ನಿಧಿ.

ಒಂದು ನಿಮಿಷದ ನಿಜವಾದ ವೆಚ್ಚ ಎಷ್ಟು?

ಮುಕ್ತಾಯ ಶುಲ್ಕ 2004ರ 30 ಪೈಸೆಯಿಂದ 2009ರ ಏಪ್ರಿಲಿನಲ್ಲಿ 20 ಪೈಸೆ, 2015ರ ಮಾರ್ಚಿನಲ್ಲಿ ಮೊಬೈಲಿನಿಂದ ಮೊಬೈಲಿಗೆ 14 ಪೈಸೆ, 2017ರ ಅಕ್ಟೋಬರಿನಲ್ಲಿ 6 ಪೈಸೆ, 2021ರ ಜನವರಿ 1ರಿಂದ ಶೂನ್ಯ ಎಂದು ಇಳಿಯಿತು. ಸ್ಥಿರ ದೂರವಾಣಿ ಸೇರಿದ ಕರೆಗಳಿಗೆ 2015ರಲ್ಲೇ ಶೂನ್ಯವಾಗಿತ್ತು. ಸಾಗಣೆ ಶುಲ್ಕದ ಮಿತಿಯೂ 2015ರಲ್ಲಿ 35 ಪೈಸೆಗೆ ಇಳಿಯಿತು. ಗೋಪುರಗಳೂ ತಂತಿಗಳೂ ಅವೇ ಇರುವಾಗ 14 ಪೈಸೆ ಎರಡೂವರೆ ವರ್ಷಗಳಲ್ಲಿ 6 ಪೈಸೆಯಾದದ್ದು ಹೇಗೆಂದು ಕೇಳಬಹುದು. ಯಂತ್ರಗಳ ಬೆಲೆ ಇಳಿದದ್ದಕ್ಕಿಂತ ಹೆಚ್ಚಾಗಿ ಇದು ಲೆಕ್ಕ ಹಾಕುವ ವಿಧಾನದ ಪ್ರಶ್ನೆ. ಆದ್ದರಿಂದಲೇ ಇದು ನನ್ನಂತಹ ಲೆಕ್ಕಿಗರ ಆಸಕ್ತಿಯ ವಿಷಯ.

ಒಂದು ಎಣ್ಣೆ ಗಿರಣಿಯನ್ನು ಊಹಿಸಿಕೊಳ್ಳಿ. ತನ್ನ ಸ್ವಂತ ಕಡಲೆಕಾಯಿಯ ಜೊತೆಗೆ ಪಕ್ಕದವರ ಕಾಯನ್ನೂ ಕೂಲಿಗೆ ಅರೆದುಕೊಡುತ್ತದೆ. ಕೂಲಿ ಎಷ್ಟಿರಬೇಕು? ಕಟ್ಟಡದ ಬಾಡಿಗೆ, ಬ್ಯಾಂಕಿನ ಬಡ್ಡಿ, ಯಂತ್ರದ ಸವಕಳಿ, ಗುಮಾಸ್ತರ ಸಂಬಳ ಎಲ್ಲವನ್ನೂ ಒಟ್ಟು ಅರೆದ ಕಾಯಿಯ ಮೇಲೆ ಸಮನಾಗಿ ಹಂಚಿದರೆ ಒಂದು ಬೆಲೆ. ಇದು ಪೂರ್ಣ ಹಂಚಿಕೆಯ ವೆಚ್ಚ. ಪಕ್ಕದವರ ಕಾಯಿ ಬಂದುದರಿಂದ ದೀರ್ಘಾವಧಿಯಲ್ಲಿ ಹೆಚ್ಚಾಗುವ ವೆಚ್ಚವನ್ನೂ ಸಾಮಾನ್ಯ ವೆಚ್ಚದ ಒಂದು ಭಾಗವನ್ನೂ ಹಿಡಿದರೆ ಅದಕ್ಕಿಂತ ಕಡಿಮೆ ಬೆಲೆ. ಗಿರಣಿ ಹೇಗೂ ಇದ್ದೇ ಇರುತ್ತದೆ, ಪಕ್ಕದವರ ಕಾಯಿ ಬರದಿದ್ದರೆ ಉಳಿಯುತ್ತಿದ್ದ ವೆಚ್ಚವಷ್ಟೇ ಕೂಲಿಯಾಗಬೇಕು ಎಂದರೆ ಎಲ್ಲಕ್ಕಿಂತ ಕಡಿಮೆ ಬೆಲೆ. 2015ರ 14 ಪೈಸೆ ಎರಡನೆಯ ವಿಧಾನದ್ದು. 2017ರ 6 ಪೈಸೆ ಮೂರನೆಯದು. ಮೂರೂ ಶಾಸ್ತ್ರಸಮ್ಮತವೇ. ಯಾವುದನ್ನು ಆರಿಸಬೇಕೆಂಬುದು ಮಾತ್ರ ಲೆಕ್ಕಶಾಸ್ತ್ರದ ನಿರ್ಧಾರವಲ್ಲ, ನೀತಿಯ ನಿರ್ಧಾರ. ಹೆಚ್ಚು ಕರೆ ಸ್ವೀಕರಿಸುವ ಹಳೆಯ ಕಂಪನಿಗೆ ಮೊದಲನೆಯದು ಹಿತ, ಹೆಚ್ಚು ಕರೆ ಹೊರಗೆ ಕಳಿಸುವ ಹೊಸ ಕಂಪನಿಗೆ ಮೂರನೆಯದು ಹಿತ.

ಶೂನ್ಯ ಎಂದರೆ ವೆಚ್ಚವೇ ಇಲ್ಲವೆಂದಲ್ಲ. ಅವರವರ ಗ್ರಾಹಕರಿಂದ ಬಂದದ್ದನ್ನು ಅವರವರೇ ಇಟ್ಟುಕೊಳ್ಳಿ, ಪರಸ್ಪರ ಲೆಕ್ಕ ಬೇಡ ಎಂದಷ್ಟೇ ಅರ್ಥ. ಎರಡೂ ಕಡೆಯ ಕರೆಗಳು ಸರಿಸಮವಾಗಿದ್ದರೆ ಇದು ನ್ಯಾಯ. ಸಮವಾಗಿಲ್ಲದಿದ್ದರೆ ಒಬ್ಬರ ಗಿರಣಿಯಲ್ಲಿ ಇನ್ನೊಬ್ಬರ ಕಾಯಿ ಬಿಟ್ಟಿ ಅರೆದಂತೆ. ಈ ಕಾರಣದಿಂದಲೇ 2020ರ ಜನವರಿಗೆ ನಿಗದಿಯಾಗಿದ್ದ ಶೂನ್ಯ ದರವನ್ನು ಟ್ರಾಯ್ ಒಂದು ವರ್ಷ ಮುಂದೂಡಿತು. ಆ ಮಧ್ಯೆ, 2019ರ ಅಕ್ಟೋಬರಿನಿಂದ, ಜಿಯೋ ಇತರ ಜಾಲಗಳಿಗೆ ಮಾಡುವ ಕರೆಗೆ ತನ್ನ ಗ್ರಾಹಕರಿಂದ ನಿಮಿಷಕ್ಕೆ 6 ಪೈಸೆ ವಸೂಲು ಮಾಡಿತು. ಅಷ್ಟು ವರ್ಷಗಳ ಕಾಲ ಕಂಪನಿಗಳ ನಡುವೆಯೇ ಇದ್ದ ಬಾಗಿಲ ಸುಂಕವನ್ನು ಸಾಮಾನ್ಯ ಗ್ರಾಹಕ ತನ್ನ ಕಣ್ಣಿನಿಂದ ಕಂಡದ್ದು ಆಗ.

ವಿದೇಶದಿಂದ ಬರುವ ಕರೆಗೆ ಮಾತ್ರ ಸುಂಕ ಉಳಿದಿದೆ. 2018ರಲ್ಲಿ ನಿಮಿಷಕ್ಕೆ 30 ಪೈಸೆಗೆ ಇಳಿದಿದ್ದ ಈ ದರವನ್ನು, 2020ರ ಮೇ ತಿಂಗಳಿಂದ 35ರಿಂದ 65 ಪೈಸೆಯ ವ್ಯಾಪ್ತಿಯಲ್ಲಿ ಕಂಪನಿಗಳೇ ನಿರ್ಧರಿಸಿಕೊಳ್ಳಲು ಬಿಡಲಾಯಿತು. ವಿದೇಶಿ ಕಂಪನಿಗಳು ನಮ್ಮ ಕರೆಗೆ ವಿಧಿಸುವ ದರ ಇದಕ್ಕಿಂತ ಹಲವು ಪಟ್ಟು ಇರುವಾಗ ನಾವೇಕೆ ಬಿಟ್ಟಿ ಬಾಗಿಲು ತೆರೆಯಬೇಕೆಂಬುದು ಇದರ ಹಿಂದಿನ ವಾದ. ಅದರಲ್ಲಿ ಹುರುಳಿದೆ.

ನಮ್ಮ ಸದಸ್ಯರಿಗೆ ಸಂಬಂಧಿಸಿದ್ದು

ನಿಮಿಷದ ಶುಲ್ಕ ಹೋದ ಮೇಲೆ ಜಾಲದ ವೆಚ್ಚ ಎಲ್ಲಿ ಹೋಯಿತು? ಅಮೆರಿಕದಲ್ಲಿ ಆದಂತೆ ತಿಂಗಳ ಸ್ಥಿರ ಶುಲ್ಕಕ್ಕೆ ಹೋಯಿತು. ಹಿಂದೆ ಹತ್ತು ರೂಪಾಯಿಯ ರೀಚಾರ್ಜಿನಲ್ಲಿ ವರ್ಷವಿಡೀ ಒಳಬರುವ ಕರೆಗಳನ್ನು ಸ್ವೀಕರಿಸುತ್ತಿದ್ದ ಸಂಖ್ಯೆಯನ್ನು ಜೀವಂತವಾಗಿಡಲು ಈಗ ನಿಯತಕಾಲಿಕವಾಗಿ ಹಣ ಕಟ್ಟಲೇಬೇಕು. ಒಳಬರುವ ಕರೆಗೆ ಕಂಪನಿಗೆ ಬರುತ್ತಿದ್ದ ಮುಕ್ತಾಯ ಶುಲ್ಕ ನಿಂತುಹೋದುದರಿಂದ, ಬರೀ ಕರೆ ಸ್ವೀಕರಿಸುವ ಗ್ರಾಹಕ ಕಂಪನಿಯ ಪಾಲಿಗೆ ವೆಚ್ಚವಾದ. ಹೆಚ್ಚು ಮಾತನಾಡುವ ಸಗಟು ವ್ಯಾಪಾರಿಗೆ ಇದರಿಂದ ಲಾಭ. ಗೋದಾಮಿನ ಕಾವಲುಗಾರನಿಗೂ ಮಾಲು ಇಳಿಸುವ ಮೇಸ್ತ್ರಿಗೂ ಒಂದೊಂದು ಸಿಮ್ ಕೊಡಿಸಿರುವ ಚಿಕ್ಕ ಕಾರ್ಖಾನೆದಾರನಿಗೆ ಹೊರೆ. ಡೇಟಾ ಬೇಡದವರಿಗೆ ಕೇವಲ ಕರೆ ಮತ್ತು ಕಿರುಸಂದೇಶದ ಯೋಜನೆಗಳನ್ನು ಒದಗಿಸಲೇಬೇಕೆಂದು ಟ್ರಾಯ್ 2024ರ ಡಿಸೆಂಬರಿನಲ್ಲಿ ನಿಯಮ ಮಾಡಿದೆ. ಇಂಥ ಸಿಮ್‌ಗಳಿರುವ ಸದಸ್ಯರು ಆ ಯೋಜನೆಗಳನ್ನು ವಿಚಾರಿಸಿ ಪಡೆಯಬೇಕು. ಅಂಗಡಿಯವರು ತಾವಾಗಿ ಹೇಳುವುದು ಕಡಿಮೆ.

ಲೆಕ್ಕಪರಿಶೋಧನೆಗೆ ಬರುವ ಕಡತಗಳಲ್ಲಿ ನಾನು ಪದೇಪದೇ ಕಾಣುವ ಇನ್ನೊಂದು ಸಂಗತಿ, ಎಸ್.ಟಿ.ಡಿ. ದುಬಾರಿಯಾಗಿದ್ದ ಕಾಲದಲ್ಲಿ ಪಡೆದ ಲೈನುಗಳು. ಅಂದು ಎರಡು ಊರಿನ ಘಟಕಗಳ ನಡುವೆ ಗುತ್ತಿಗೆ ಲೈನ್ ಹಾಕಿಸಿಕೊಂಡರೆ ಉಳಿತಾಯವಿತ್ತು. ಇಂದು ಆ ಲೈನಿನಲ್ಲಿ ಮಾತು ಮಾತ್ರ ಸಾಗುತ್ತಿದ್ದರೆ ಬಾಡಿಗೆ ದಂಡ. ಪಿ.ಆರ್.ಐ. ಲೈನಿನ 30 ಚಾನೆಲ್ಲುಗಳಲ್ಲಿ ಏಕಕಾಲಕ್ಕೆ ಹತ್ತನ್ನೂ ಬಳಸದ ಸಂಸ್ಥೆಗಳಿವೆ. ಗರಿಷ್ಠ ಬಳಕೆಯ ವರದಿಯನ್ನು ಕಂಪನಿಯಿಂದ ಕೇಳಿ ಪಡೆದು, ಬೇಕಾದಷ್ಟೇ ಚಾನೆಲ್ಲುಗಳನ್ನು ಕೊಡುವ ಸಿಪ್ ಟ್ರಂಕ್ ಸಂಪರ್ಕದ ದರದೊಡನೆ ಹೋಲಿಸುವುದು ಒಳಿತು. 1800 ಸರಣಿಯ ಉಚಿತ ಸಂಖ್ಯೆ ಪಡೆಯುವವರು ಒಂದನ್ನು ತಿಳಿದಿರಬೇಕು: ಇಲ್ಲಿ ಹಣ ಹಿಮ್ಮುಖವಾಗಿ ಹರಿಯುತ್ತದೆ. ಕರೆ ಮಾಡಿದವರ ಕಂಪನಿಗೆ ಆರಂಭ ಶುಲ್ಕವನ್ನು ನಿಮ್ಮ ಕಂಪನಿ ಕೊಡುತ್ತದೆ, ಅದನ್ನು ನಿಮ್ಮಿಂದ ವಸೂಲು ಮಾಡುತ್ತದೆ. ಆದ್ದರಿಂದ ಸಾಮಾನ್ಯ ಕರೆ ಉಚಿತವಾದ ಮಾತ್ರಕ್ಕೆ ಉಚಿತ ಸಂಖ್ಯೆಯ ಕರೆಗಳು ನಿಮಗೆ ಉಚಿತವಾಗುವುದಿಲ್ಲ.

ತೆರಿಗೆಯ ಬಗ್ಗೆ ಎರಡು ಮಾತು. ದೂರವಾಣಿ ಸೇವೆಗೆ ಜಿ.ಎಸ್.ಟಿ. ಶೇಕಡಾ 18. ವ್ಯವಹಾರದ ಸಂಪರ್ಕವಾದರೂ ಮಾಲೀಕರ ವೈಯಕ್ತಿಕ ಹೆಸರಿನಲ್ಲಿ ಬಿಲ್ಲು ಬರುತ್ತಿದ್ದರೆ, ಸಂಸ್ಥೆಯ ಜಿ.ಎಸ್.ಟಿ. ಸಂಖ್ಯೆ ಅದರಲ್ಲಿ ನಮೂದಾಗದಿದ್ದರೆ, ಹೂಡುವಳಿ ತೆರಿಗೆ ಜಮೆ ಕೈತಪ್ಪುತ್ತದೆ. ಇನ್ನು ದೂರವಾಣಿ ಬಿಲ್ಲಿನ ಮೇಲೆ ಮೂಲದಲ್ಲಿ ತೆರಿಗೆ ಕಡಿತ ಮಾಡಬೇಕೆ ಎಂಬ ಪ್ರಶ್ನೆ. ಸಾಮಾನ್ಯ ಚಂದಾದಾರನು ಕೊಡುವ ಶುಲ್ಕ ತಾಂತ್ರಿಕ ಸೇವೆಯ ಶುಲ್ಕವಲ್ಲವೆಂದು, 1961ರ ಆದಾಯ ತೆರಿಗೆ ಕಾಯ್ದೆಯ 194ಜೆ ವಿಧಿಗೆ ಸಂಬಂಧಿಸಿದ ಸ್ಕೈಸೆಲ್ ಪ್ರಕರಣದಲ್ಲಿ ಮದ್ರಾಸ್ ಉಚ್ಚ ನ್ಯಾಯಾಲಯ 2001ರಲ್ಲೇ ಹೇಳಿದೆ. ಕಂಪನಿಗಳು ಪರಸ್ಪರ ಕೊಡುವ ಅಂತರ ಸಂಪರ್ಕ ಶುಲ್ಕದ ಬಗ್ಗೆ ಮಾತ್ರ ವ್ಯಾಜ್ಯ ದೀರ್ಘವಾಯಿತು. ಕರೆ ಸಾಗಿಸುವಲ್ಲಿ ಮನುಷ್ಯನ ಕೈಯಿದೆಯೇ, ಎಲ್ಲವನ್ನೂ ಯಂತ್ರವೇ ಮಾಡುತ್ತದೆಯೇ ಎಂದು ತಜ್ಞರ ಸಾಕ್ಷ್ಯ ಪಡೆದು ನಿರ್ಧರಿಸುವಂತೆ ಸರ್ವೋಚ್ಚ ನ್ಯಾಯಾಲಯ 2010ರಲ್ಲಿ ಭಾರ್ತಿ ಸೆಲ್ಯುಲರ್ ಪ್ರಕರಣವನ್ನು ಅಧಿಕಾರಿಗಳಿಗೆ ಮರಳಿಸಿತು. ವಿದೇಶಿ ಕಂಪನಿಗಳಿಗೆ ಕೊಟ್ಟ ಇಂಥ ಶುಲ್ಕ ಇಲ್ಲಿ ತೆರಿಗೆಗೆ ಒಳಪಡುವುದಿಲ್ಲವೆಂದು 2023ರಲ್ಲಿ ತೀರ್ಪಿತ್ತದ್ದು ನಮ್ಮ ಕರ್ನಾಟಕ ಉಚ್ಚ ನ್ಯಾಯಾಲಯ. ವಿದೇಶಿ ಸಂಸ್ಥೆಯಿಂದ ನೇರವಾಗಿ ದೂರವಾಣಿ ಅಥವಾ ಕ್ಲೌಡ್ ಸಂಪರ್ಕ ಪಡೆದು ಡಾಲರಿನಲ್ಲಿ ಹಣ ಕಳಿಸುವ ಸದಸ್ಯರು, ಪ್ರತಿ ಪಾವತಿಗೂ ಮೊದಲು ಈ ತೀರ್ಪು ತಮ್ಮ ಒಪ್ಪಂದಕ್ಕೆ ಹೊಂದುತ್ತದೆಯೇ ಎಂದು ತಮ್ಮ ಲೆಕ್ಕಪರಿಶೋಧಕರಿಂದ ಲಿಖಿತ ಅಭಿಪ್ರಾಯ ಪಡೆದಿಟ್ಟುಕೊಳ್ಳುವುದು ಕ್ಷೇಮ.